ಪತ್ತನಾಜೆಯೊಳಗೆ ಊರ ರೇಡಿಯೊ ರಿಪೇರಿ: 50 ವ್ಯಾಟಿನ ಸಮುದಾಯ ಬಾನುಲಿಗೆ ಕರಾವಳಿಯ ಕೈಪಿಡಿ

ಸಣ್ಣ ರೇಡಿಯೊ ಕೇಂದ್ರ ಒಂದೇ ದಿನ ಮುಚ್ಚುವುದಿಲ್ಲ. ಮೊದಲು ತಗ್ಗಿನ ಬೈಲಿನ ಮನೆಗಳಲ್ಲಿ ಕರಕರ ಶುರುವಾಗುತ್ತದೆ. ಆಮೇಲೆ ಜೋರು ಮಳೆ ಬಂದಾಗಲೆಲ್ಲ ಟ್ರಾನ್ಸ್‌ಮಿಟರ್ ತಾನಾಗಿಯೇ ಪವರ್ ಇಳಿಸಿಕೊಳ್ಳುತ್ತದೆ. ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವರು ಬೇರೆ ಕೆಲಸ ಹಿಡಿದು ಹೋಗುತ್ತಾರೆ, ಕಂಪ್ಯೂಟರಿನಲ್ಲಿ ಅದೇ ಹಾಡುಗಳ ಪಟ್ಟಿ ಸುತ್ತುತ್ತಾ ಇರುತ್ತದೆ. ಕೊನೆಗೊಂದು ದಿನ ಆಡಳಿತದ ಮೀಟಿಂಗಿನಲ್ಲಿ ‘ಹೊಸ ಟ್ರಾನ್ಸ್‌ಮಿಟರ್ ಬೇಕಂತೆ, ದುಡ್ಡೆಲ್ಲಿದೆ’ ಎಂಬ ಮಾತು ಬಂದು ಫೈಲು ಮುಚ್ಚುತ್ತದೆ.

ಹೊಸ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ ಬೇಕಿರುವುದಿಲ್ಲ. ಕರಾವಳಿಯಲ್ಲಿ ಕೆಡುವುದು ಹೆಚ್ಚಾಗಿ ಪೆಟ್ಟಿಗೆಯ ಹೊರಗಿನದು: ಟವರ್ ಮೇಲಿನ ಕನೆಕ್ಟರ್, ಕೇಬಲ್, ಅರ್ಥಿಂಗ್. ಹಾಗಾಗಿ ಕೆಲಸವನ್ನು ಆಂಟೆನಾದಿಂದ ಶುರುಮಾಡಿ ಒಳಗೆ ಬನ್ನಿ, ಸ್ಟುಡಿಯೊದಿಂದ ಶುರುಮಾಡಿ ಹೊರಗೆ ಹೋಗಬೇಡಿ. ಅಳೆಯದೆ ಏನನ್ನೂ ಕೊಳ್ಳಬೇಡಿ. ಹೊರಗಿನ ಕೆಲಸವೆಲ್ಲ ಫೆಬ್ರವರಿಯಿಂದ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆ ದಿನದೊಳಗೆ, ಮುಗಿಯಬೇಕು. ಜೂನ್ ಬಂದ ಮೇಲೆ ಟವರ್ ಹತ್ತುವವರು ಸಿಕ್ಕುವುದಿಲ್ಲ, ಸಿಕ್ಕರೂ ಒದ್ದೆ ಕೈಯಲ್ಲಿ ಸುತ್ತಿದ ಟೇಪು ಅಂಟುವುದಿಲ್ಲ.

ಕಾಗದ

ಇದನ್ನು ಒಂದೇ ಬೆಳಿಗ್ಗೆ ಮುಗಿಸಬಹುದು. ವಾರ್ತಾ ಮತ್ತು ಪ್ರಸಾರ ಸಚಿವಾಲಯದೊಂದಿಗಿನ ಒಪ್ಪಂದ ಮತ್ತು ವೈರ್‌ಲೆಸ್ ಆಪರೇಟಿಂಗ್ ಲೈಸೆನ್ಸ್, ಎರಡರ ಅವಧಿಯನ್ನೂ ನೋಡಿ. ಪ್ರಸಾರ 3 ತಿಂಗಳಿಗಿಂತ ಹೆಚ್ಚು ನಿಂತರೆ ಅನುಮತಿ ರದ್ದಾಗಬಹುದು ಎಂಬ ನಿಯಮವಿದೆ. ರಿಪೇರಿಗೆ ನಿಲ್ಲಿಸಿದ ದಿನವನ್ನು ಬರೆದಿಟ್ಟು, ಕೆಲಸ ಎಳೆಯುವಂತಿದ್ದರೆ ಮೊದಲೇ ಸಚಿವಾಲಯಕ್ಕೆ ಪತ್ರ ಹಾಕಿ. ಲೈಸೆನ್ಸ್ ಮುಗಿದಿದ್ದರೆ ನವೀಕರಣವಾಗುವ ತನಕ ಆಂಟೆನಾಕ್ಕೆ ಪವರ್ ಕೊಡಬೇಡಿ, ಪರೀಕ್ಷೆಯನ್ನೆಲ್ಲ ಡಮ್ಮಿ ಲೋಡಿನ (ಆಂಟೆನಾದ ಬದಲು ಪವರ್ ನುಂಗಿಕೊಳ್ಳುವ ಸಾಧನ) ಮೇಲೆ ಮಾಡಿ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವುದು 100 ವ್ಯಾಟ್ ಇ.ಆರ್.ಪಿ. (ಟ್ರಾನ್ಸ್‌ಮಿಟರಿನ ವ್ಯಾಟ್ ಅಲ್ಲ, ಆಂಟೆನಾದ ಲೆಕ್ಕವೂ ಸೇರಿದ ಪವರ್), ಆಂಟೆನಾದ ಎತ್ತರ ನೆಲದಿಂದ 15ರಿಂದ 30 ಮೀಟರ್. ಟವರಿಗೆ ಇನ್ನೊಂದು ತುಂಡು ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಈ ಸಾಲನ್ನು ತೋರಿಸಿ.

ಮೊದಲ ಅಳತೆ ಕಾರಿನಲ್ಲಿ

ಒಂದೇ ಕಾರು, ಒಂದೇ ರೇಡಿಯೊ, ಹಗಲು ಹೊತ್ತು. ಮೊಬೈಲಿನ ಎಫ್.ಎಂ. ಬೇಡ. ಅದಕ್ಕೆ ಇಯರ್‌ಫೋನಿನ ವಯರೇ ಆಂಟೆನಾ, ವಯರು ಮಡಚಿದರೆ ಸಿಗ್ನಲ್ ಬದಲಾಗುತ್ತದೆ. ಮಣಿಪಾಲದ ಎತ್ತರದಲ್ಲಿರುವ ಕೇಂದ್ರವಾದರೆ ಪಡುವಣಕ್ಕೆ ಇಂದ್ರಾಳಿ, ಕಲ್ಸಂಕ, ಆದಿಉಡುಪಿ, ಮಲ್ಪೆ. ಮೂಡಣಕ್ಕೆ ಪರ್ಕಳ, ಆತ್ರಾಡಿ, ಹಿರಿಯಡ್ಕ. ಒಂದೊಂದು ಕಿಲೋಮೀಟರಿಗೆ ಕಾರು ನಿಲ್ಲಿಸಿ ‘ಸ್ಪಷ್ಟ, ಕರಕರ, ಇಲ್ಲ’ ಎಂದು ಮೂರರಲ್ಲಿ ಒಂದನ್ನು ಬರೆಯಿರಿ. ಪಕ್ಕದಲ್ಲೇ ಇನ್ನೊಂದು ಕಾಲಮ್ ಮಾಡಿ, ಅದೇ ಜಾಗದಲ್ಲಿ ಮಂಗಳೂರು ಆಕಾಶವಾಣಿಯ 100.3 ಹೇಗಿದೆ ಎಂದು ಬರೆಯಿರಿ. ಆ ದೊಡ್ಡ ಟ್ರಾನ್ಸ್‌ಮಿಟರಿನ ಸಿಗ್ನಲ್ಲೇ ಕುಗ್ಗುವ ಬೈಲಿನಲ್ಲಿ ನಿಮ್ಮ 50 ವ್ಯಾಟು ಬರಲಿಲ್ಲವೆಂದು ಕೊರಗಬೇಕಿಲ್ಲ. ಪದವಿನ (ಗುಡ್ಡದ ಮೇಲಿನ ಬಯಲು) ಮೇಲೆ, ಎದುರಿಗೆ ಟವರ್ ಕಾಣುವ ಜಾಗದಲ್ಲೂ ಕರಕರ ಇದ್ದರೆ ಮಾತ್ರ ದೋಷ ನಿಮ್ಮದು. ನಾಲ್ಕೂ ದಿಕ್ಕಿನಲ್ಲಿ ಸಮನಾಗಿ ಕುಗ್ಗಿದ್ದರೆ ಕೇಬಲನ್ನೋ ಪವರನ್ನೋ ಶಂಕಿಸಿ. ಒಂದೇ ದಿಕ್ಕಿನಲ್ಲಿ ಕುಗ್ಗಿದ್ದರೆ ಆಂಟೆನಾ ತಿರುಗಿದೆ, ಒಂದು ಡೈಪೋಲ್ (ಆಂಟೆನಾದ ಕಡ್ಡಿ) ಸತ್ತಿದೆ, ಅಥವಾ ಆ ಬದಿಯಲ್ಲಿ ಹೊಸ ಫ್ಲ್ಯಾಟ್ ಎದ್ದಿದೆ.

ಈ ಹಾಳೆಯನ್ನು ಬಿಸಾಡಬೇಡಿ. ರಿಪೇರಿ ಆದ ಮೇಲೆ ಅದೇ ದಾರಿಯಲ್ಲಿ ಮತ್ತೆ ಹೋಗಬೇಕು.

ಕೇಬಲ್ ಸುಳ್ಳು ಹೇಳುತ್ತದೆ

ಟ್ರಾನ್ಸ್‌ಮಿಟರಿನ ಮುಖದಲ್ಲಿ ಫಾರ್ವರ್ಡ್ ಮತ್ತು ರಿಫ್ಲೆಕ್ಟೆಡ್ ಎಂದು ಎರಡು ಅಂಕಿಗಳಿರುತ್ತವೆ. 50 ವ್ಯಾಟ್ ಹೋಗಿ 2 ವ್ಯಾಟ್ ಹಿಂದೆ ಬಂದರೆ ವಿ.ಎಸ್.ಡಬ್ಲ್ಯು.ಆರ್. (ಕೇಬಲಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆಯಿದೆ ಎಂಬ ಅಳತೆ) 1.5, ಚಿಂತೆಯಿಲ್ಲ. 5.5 ವ್ಯಾಟ್ ಹಿಂದೆ ಬಂದರೆ 2, ಕಾರಣ ಹುಡುಕಬೇಕು. 12.5 ಬಂದರೆ 3. ಇಷ್ಟಾಗುವ ಮೊದಲೇ ಒಳ್ಳೆಯ ಟ್ರಾನ್ಸ್‌ಮಿಟರ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ಇಳಿಸಿರುತ್ತದೆ. ಮಳೆ ಬಂದಾಗ ಪವರ್ ಇಳಿದು, ಬಿಸಿಲು ಬಂದ ಮೇಲೆ ಸರಿಯಾಗುತ್ತದೆ ಎಂದರೆ ಮೇಲಿನ ಕನೆಕ್ಟರಿಗೆ ನೀರು ಹೋಗಿದೆ.

ಎಲ್ಲರೂ ಎಡವುವ ಜಾಗ ಬೇರೆ. ರಿಫ್ಲೆಕ್ಟೆಡ್ ಕಡಿಮೆಯಿದೆ ಎಂದ ಮಾತ್ರಕ್ಕೆ ಕೇಬಲ್ ಚೆನ್ನಾಗಿದೆ ಎಂದರ್ಥವಲ್ಲ. ನೀರು ಕುಡಿದ ಕೇಬಲ್ ಮೇಲೆ ಹೋಗುವ ಪವರನ್ನೂ ತಿನ್ನುತ್ತದೆ, ವಾಪಸು ಬರುವುದನ್ನೂ ತಿನ್ನುತ್ತದೆ. ಕೆಳಗಿನ ಮೀಟರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆಂಟೆನಾಕ್ಕೆ ಮಾತ್ರ ಏನೂ ತಲುಪುವುದಿಲ್ಲ. ಇದನ್ನು ಹಿಡಿಯುವ ದಾರಿ ಒಂದೇ: ಟವರಿನ ಮೇಲೆ ಆಂಟೆನಾ ಬಿಚ್ಚಿ, ಆ ತುದಿಗೆ ವ್ಯಾಟ್‌ಮೀಟರ್ ಮತ್ತು 50 ಓಮ್, 100 ವ್ಯಾಟಿನ ಡಮ್ಮಿ ಲೋಡ್ ಕಟ್ಟಿ, ಹತ್ತಿದವರು ಕೆಳಗಿಳಿದ ಮೇಲೆ ಪವರ್ ಕೊಟ್ಟು ಅಳೆಯುವುದು. ಮೀಟರಿನ ಮುಖ ಕಾಣುವಂತೆ ಒಂದು ಮೊಬೈಲ್ ಕಟ್ಟಿ ವಿಡಿಯೊ ಮಾಡಿಕೊಂಡರಾಯಿತು.

40 ಮೀಟರ್ ಉದ್ದದ ಅರ್ಧ ಇಂಚಿನ ಫೋಮ್ ಕೇಬಲಿನಲ್ಲಿ ಸುಮಾರು 0.9 ಡಿಬಿ (ಡೆಸಿಬೆಲ್) ಕಳೆಯುತ್ತದೆ, 50ರಲ್ಲಿ 40 ವ್ಯಾಟ್ ಮೇಲೆ ಸಿಗಬೇಕು. ದುಡ್ಡು ಉಳಿಸಲು ಆರ್.ಜಿ. 213 ಕೇಬಲ್ ಎಳೆದಿದ್ದರೆ ಹೊಸದರಲ್ಲೇ ಸಿಗುವುದು 27 ವ್ಯಾಟಿನ ಆಸುಪಾಸು. ಇದಕ್ಕಿಂತ ತೀರಾ ಕಡಿಮೆ ಬಂದರೆ ಕೇಬಲ್ ಹೋಯಿತು. ಒಣಗಿಸುವ ಪ್ರಯತ್ನ ಬೇಡ, ಹೆಣಿಗೆಯ ತಾಮ್ರದೊಳಗೆ ಹರಿದ ನೀರು ಹೊರಗೆ ಬರುವುದಿಲ್ಲ. ತುದಿಯಿಂದ ಒಂದು ಅಡಿ ಕತ್ತರಿಸಿ ನೋಡಿ: ತಾಮ್ರ ಕಪ್ಪಾಗಿದ್ದರೆ ಪೂರ್ತಿ ಕೇಬಲ್ ಬದಲಿಸಿ, ಹೊಳೆಯುತ್ತಿದ್ದರೆ ಹೊಸ ಕನೆಕ್ಟರ್ ಹಾಕಿ ಮುಂದುವರಿಯಿರಿ.

ಹಳೆಯ ಆಂಟೆನಾವನ್ನು ಬೇರೆ ಕೇಂದ್ರದಿಂದ ತಂದದ್ದಾದರೆ ಅಳತೆಪಟ್ಟಿ ಹಿಡಿಯಿರಿ. 90.4 ಮೆಗಾಹರ್ಟ್ಸಿಗೆ ಅರ್ಧ ತರಂಗದ ಡೈಪೋಲ್ ಸುಮಾರು 1.58 ಮೀಟರ್, 107.8ಕ್ಕೆ 1.32 ಮೀಟರ್. ರೇಡಿಯೊ ಮಣಿಪಾಲ್ ಇರುವ 90.4ಕ್ಕೂ ರೇಡಿಯೊ ಸಾರಂಗ್ ಇರುವ 107.8ಕ್ಕೂ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ. ಒಂದಕ್ಕೆ ಕತ್ತರಿಸಿದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಹೊಸ ಕನೆಕ್ಟರ್ ಹಾಕಿದ ಮೇಲೆ ಸುತ್ತುವ ಕ್ರಮ ಹೀಗೆ. ಮೊದಲು ಒಂದು ಸುತ್ತು ಪಿ.ವಿ.ಸಿ. ಟೇಪು, ಮುಂದೆ ಬಿಚ್ಚುವಾಗ ಕನೆಕ್ಟರಿಗೆ ಅಂಟು ಹತ್ತದಿರಲಿ ಎಂದು. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಅಗಲ ಅರ್ಧಕ್ಕಿಳಿಯುವಷ್ಟು ಎಳೆದು, ಅರ್ಧ ಅರ್ಧ ಮೇಲೆ ಬೀಳುವಂತೆ ಸುತ್ತಿ. ಕೊನೆಗೆ ಬಿಸಿಲು ತಡೆಯುವ ಕಪ್ಪು ಟೇಪು. ಈ ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹಂಚು ಹೊದೆಸಿದ ಹಾಗೆ, ನೀರು ಜಾರಿ ಹೋಗಲು. ಟೇಪಿನ ತುದಿಯನ್ನು ಎಳೆದು ಹರಿಯಬೇಡಿ, ಬ್ಲೇಡಿನಿಂದ ಕತ್ತರಿಸಿ. ಎಳೆದ ತುದಿ ಕುಗ್ಗಿ ಬಿಚ್ಚಿಕೊಳ್ಳುತ್ತದೆ. ವಿನೆಗರಿನ ವಾಸನೆ ಬರುವ ಸಿಲಿಕೋನ್ ಹಚ್ಚಲೇಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆಂಟೆನಾದ ಕೆಳಬದಿಯಲ್ಲಿರುವ ಸಣ್ಣ ತೂತನ್ನು ಮುಚ್ಚಬೇಡಿ, ಅದು ಒಳಗಿನ ನೀರು ಹೋಗಲು ಇರುವುದು. ಹುಳ ಗೂಡು ಕಟ್ಟಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ. ಕೇಬಲ್ ಗೋಡೆಯೊಳಗೆ ನುಗ್ಗುವ ಮೊದಲು ಒಂದು ಬಾಗು ಕೆಳಗಿಳಿದು ಮೇಲೇರಲಿ. ಕ್ಲಿಪ್ಪು ಮೀಟರಿಗೊಂದು. ಕಡಲಿಂದ ನಾಲ್ಕೈದು ಕಿಲೋಮೀಟರಿನೊಳಗೆ 304 ದರ್ಜೆಯ ಸ್ಟೀಲ್ ಬೋಲ್ಟಿಗೂ ತುಕ್ಕಿನ ಕಲೆ ಬರುತ್ತದೆ, 316 ಕೇಳಿ ತೆಗೆದುಕೊಳ್ಳಿ.

ಟವರ್ ಹತ್ತುವವರು ಎರಡು ಕೊಂಡಿಯ ಸುರಕ್ಷಾ ಬೆಲ್ಟ್ ಹಾಕಿದ ಅನುಭವಿಗಳೇ ಆಗಿರಬೇಕು. ತೆಂಗಿನ ಮರ ಹತ್ತುವ ಅಭ್ಯಾಸ ಇಲ್ಲಿ ಸಾಲದು. ಟ್ರಾನ್ಸ್‌ಮಿಟರ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಹತ್ತುವವರ ಕಿಸೆಯಲ್ಲೇ ಇಡಿ.

ಮುರಕಲ್ಲಿನಲ್ಲಿ ಅರ್ಥಿಂಗ್

ನಮ್ಮ ಕಡೆಯ ಕೇಂದ್ರಗಳು ಎತ್ತರಕ್ಕೆಂದು ಗುಡ್ಡದ ನೆತ್ತಿಯಲ್ಲಿವೆ, ನೆತ್ತಿಯೆಂದರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಮಳೆ ಮುಗಿದ ಮೇಲೆ ಅದು ಬೇಗ ಒಣಗುತ್ತದೆ, ಒಣ ಮುರಕಲ್ಲು ವಿದ್ಯುತ್ತನ್ನು ಇಳಿಯಗೊಡುವುದಿಲ್ಲ. ಸಿಡಿಲು ಹೆಚ್ಚು ಬೀಳುವುದೂ ಆಗಲೇ, ಏಪ್ರಿಲ್-ಮೇಯಲ್ಲಿ. ಅಂದರೆ ಅರ್ಥಿಂಗ್ ಅತಿ ಕೆಟ್ಟಿರುವ ಹೊತ್ತಿಗೆ ಅದರ ಅಗತ್ಯ ಅತಿ ಹೆಚ್ಚು. ಗುತ್ತಿಗೆದಾರರು ಆಗಸ್ಟಿನಲ್ಲಿ ಅಳೆದು 2 ಓಮ್ ಎಂದು ಬರೆದುಕೊಟ್ಟ ಸರ್ಟಿಫಿಕೇಟಿಗೆ ಇಲ್ಲಿ ಬೆಲೆಯಿಲ್ಲ. ಮಾರ್ಚ್ ಕೊನೆಯಲ್ಲಿ ಅಳೆಯಿರಿ.

ಅರ್ಥ್ ಟೆಸ್ಟರ್ ಬಾಡಿಗೆಗೆ ತಂದು, ಪಿಟ್‌ನಿಂದ (ಅರ್ಥಿಂಗ್ ಗುಂಡಿ) 30 ಮೀಟರ್ ದೂರಕ್ಕೆ ಒಂದು ಕಡ್ಡಿ, ನಡುವೆ ಸುಮಾರು 18.5 ಮೀಟರಿಗೆ ಇನ್ನೊಂದು ಕಡ್ಡಿ ಹೊಡೆಯಿರಿ. ಅಳೆಯುವಾಗ ಪಿಟ್ಟಿನ ಜೋಡಣೆ ಬಿಚ್ಚಿರಬೇಕು, ಆದ್ದರಿಂದ ಮೋಡವಿಲ್ಲದ ಬೆಳಿಗ್ಗೆ, ಪ್ರಸಾರ ನಿಲ್ಲಿಸಿ ಮಾಡಿ. ಸಿಡಿಲಿನ ಪಿಟ್ಟಿಗೆ 10 ಓಮಿನೊಳಗೆ ಬಂದರೆ ಸಾಕು, ಉಪಕರಣದ್ದು 5ರೊಳಗೆ ಇರಲಿ. ಉಪ್ಪು-ಇದ್ದಿಲಿನ ಹಳೆಯ ಪಿಟ್ ನಮ್ಮ ಮಳೆಗೆ ನಿಲ್ಲುವುದಿಲ್ಲ, ಉಪ್ಪು ತೊಳೆದು ಹೋಗುತ್ತದೆ, ಉಳಿದದ್ದು ಕಬ್ಬಿಣವನ್ನು ತಿನ್ನುತ್ತದೆ. ಬೆಂಟೊನೈಟ್ ತುಂಬಿಸಿ. ಒಂದೇ ಕಡ್ಡಿಯನ್ನು ಕಲ್ಲಿಗೆ ಗುದ್ದುತ್ತ ಕೂರುವುದಕ್ಕಿಂತ ಮೂರು ನಾಲ್ಕು ಕಡ್ಡಿಗಳನ್ನು ಅವುಗಳ ಉದ್ದದ ಎರಡರಷ್ಟು ಅಂತರದಲ್ಲಿ ಹಾಕಿ ತಾಮ್ರದ ಪಟ್ಟಿಯಿಂದ ಜೋಡಿಸುವುದು ಲಾಭ. ಒಂದು ಪಿಟ್ಟಾದರೂ ಬಚ್ಚಲ ನೀರು ಹೋಗುವ ಕಡೆ ಇರಲಿ.

ಓಮಿಗಿಂತ ಮುಖ್ಯವಾದದ್ದು ಜೋಡಣೆ. ಟವರಿನ ಅರ್ಥ್ ಬೇರೆ, ಕಟ್ಟಡದ ಅರ್ಥ್ ಬೇರೆ ಎಂದು ಬಿಟ್ಟಿದ್ದರೆ ಸಿಡಿಲು ಬಡಿದ ಕ್ಷಣ ಎರಡರ ನಡುವೆ ಸಾವಿರಾರು ವೋಲ್ಟ್ ನಿಲ್ಲುತ್ತದೆ, ಅವೆರಡನ್ನೂ ಸೇರಿಸುವ ದಾರಿ ನಿಮ್ಮ ಟ್ರಾನ್ಸ್‌ಮಿಟರಿನೊಳಗಿಂದ. ಹೊರಗೇ ಜೋಡಿಸಿ. ಕೇಬಲಿನ ಹೊರಕವಚವನ್ನು ಟವರಿನ ಮೇಲೆ, ಬುಡದಲ್ಲಿ, ಕೋಣೆಗೆ ನುಗ್ಗುವಲ್ಲಿ, ಹೀಗೆ ಮೂರು ಕಡೆ ಅರ್ಥ್ ಮಾಡಿ. ಕೋಣೆಯ ಬಾಯಲ್ಲಿ ಗ್ಯಾಸ್ ಟ್ಯೂಬಿನ ಸರ್ಜ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಾಧನ) ಹಾಕಿ. ಗುಡುಗು ಕೇಳಿದ ತಕ್ಷಣ ಆಂಟೆನಾ ಕೇಬಲ್ ಕಿತ್ತು ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಆಗ ಟ್ರಾನ್ಸ್‌ಮಿಟರ್ ಓಡುತ್ತಿದ್ದರೆ ಲೋಡ್ ಇಲ್ಲದೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು, ಕೀಳುವವರ ಕೈಗೂ ಅಪಾಯ. ಮೋಡ ಕಟ್ಟುವಾಗಲೇ ಪವರ್ ಆಫ್ ಮಾಡಿ.

ಪೆಟ್ಟಿಗೆ, ಕೋಣೆ, ಕರೆಂಟು

ತಿಂಗಳುಗಟ್ಟಲೆ ನಿಂತಿದ್ದ ಟ್ರಾನ್ಸ್‌ಮಿಟರಿಗೆ ಒಮ್ಮೆಲೇ ಪೂರ್ತಿ ಪವರ್ ಕೊಡಬೇಡಿ. ಮುಚ್ಚಳ ತೆಗೆದು ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಹಲ್ಲಿ ಮೊಟ್ಟೆ, ಇರುವೆಗೂಡು, ತುಕ್ಕು ಹಿಡಿದ ಸ್ಕ್ರೂ ನೋಡಿ. ಒಂದು ದಿನ ಬೆಚ್ಚಗಿನ, ಒಣ ಕೋಣೆಯಲ್ಲಿಡಿ. ಡಮ್ಮಿ ಲೋಡ್ ಕಟ್ಟಿ 5 ವ್ಯಾಟಿನಲ್ಲಿ ಅರ್ಧ ಗಂಟೆ, 25ರಲ್ಲಿ ಒಂದು ಗಂಟೆ, ಆಮೇಲೆ 50. ಫ್ಯಾನ್ ಸದ್ದು ಬದಲಾಗಿದ್ದರೆ ಮೊದಲು ಅದನ್ನೇ ಬದಲಿಸಿ. ಫ್ಯಾನ್ ನಿಂತು ಟ್ರಾನ್ಸ್‌ಮಿಟರ್ ಸಾಯುವುದು ಅತ್ಯಂತ ಅಗ್ಗದ ಕಾರಣಕ್ಕೆ ಅತ್ಯಂತ ದುಬಾರಿ ಸಾವು.

ಏರ್ ಕಂಡೀಷನರನ್ನು 18ಕ್ಕೆ ಇಟ್ಟು ರಾತ್ರಿ ಆಫ್ ಮಾಡಿ ಕಿಟಕಿ ತೆರೆಯುವುದು ಇಲ್ಲಿ ಸಲ್ಲದು. ತಣ್ಣಗಿನ ಲೋಹದ ಮೇಲೆ ಜುಲೈ ತಿಂಗಳ ಗಾಳಿ ನೀರಾಗಿ ಇಳಿಯುತ್ತದೆ. 25-26ಕ್ಕೆ ಇಟ್ಟು ಕಿಟಕಿ ಮುಚ್ಚಿಡಿ.

ಮೆಸ್ಕಾಂ ಕರೆಂಟಿಗೆ ಸ್ಟೆಬಿಲೈಸರ್, ಅದರ ಹಿಂದೆ ಆನ್‌ಲೈನ್ ಯು.ಪಿ.ಎಸ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 3 ವೋಲ್ಟಿಗಿಂತ ಹೆಚ್ಚು ಕಂಡರೆ ಎಲೆಕ್ಟ್ರಿಷಿಯನ್ ಕರೆಸಿ. ಯು.ಪಿ.ಎಸ್. ಬ್ಯಾಟರಿಯನ್ನು ಸುಮ್ಮನೆ ಕೂತಾಗ ಅಳೆದು ಪ್ರಯೋಜನವಿಲ್ಲ. ಕರೆಂಟ್ ತೆಗೆದು ಹತ್ತು ನಿಮಿಷ ಓಡಿಸಿ. 12 ವೋಲ್ಟಿನದು 11ಕ್ಕಿಂತ ಕೆಳಗಿಳಿದರೆ ಅದರ ಆಯುಸ್ಸು ಮುಗಿದಿದೆ.

ಖರ್ಚಿಲ್ಲದೆ ವ್ಯಾಪ್ತಿ ಹೆಚ್ಚಿಸುವುದು

ಟ್ರಾನ್ಸ್‌ಮಿಟರಿನಲ್ಲಿ ಸ್ಟೀರಿಯೊ ಆನ್ ಇದೆಯೇ? ಆಫ್ ಮಾಡಿ, ಮೋನೊ ಹಾಕಿ. ದುರ್ಬಲ ಸಿಗ್ನಲಿನಲ್ಲಿ ಸ್ಟೀರಿಯೊ ಗ್ರಹಿಕೆಗೆ ಸುಮಾರು 20 ಡಿಬಿಯಷ್ಟು ಹೆಚ್ಚು ಸದ್ದು ಸೇರುತ್ತದೆ. ಬೈಲಿನ ಮನೆಯ ಕರಕರದಲ್ಲಿ ದೊಡ್ಡ ಪಾಲು ಇದೇ. ಮಾತು, ಪಾಡ್ದನ, ತಾಳಮದ್ದಲೆ ಪ್ರಸಾರ ಮಾಡುವ ಕೇಂದ್ರಕ್ಕೆ ಸ್ಟೀರಿಯೊ ಒಣ ಪ್ರತಿಷ್ಠೆ. ಅದೇ ಮೆನುವಿನಲ್ಲಿ ಪ್ರಿ-ಎಂಫಸಿಸ್ (ತೀಕ್ಷ್ಣ ಸ್ವರಗಳನ್ನು ಎತ್ತಿ ಕಳಿಸುವ ಹೊಂದಿಕೆ) 50 ಮೈಕ್ರೊಸೆಕೆಂಡಿಗೆ ಇದೆಯೇ ನೋಡಿ. ಅಮೆರಿಕದ ಲೆಕ್ಕದ 75ಕ್ಕೆ ಬಿಟ್ಟಿದ್ದರೆ, ಅಥವಾ ಸಾಫ್ಟ್‌ವೇರೂ ಟ್ರಾನ್ಸ್‌ಮಿಟರೂ ಎರಡೂ ಸೇರಿಸುತ್ತಿದ್ದರೆ ‘ಸ’, ‘ಶ’ ಅಕ್ಷರಗಳು ಚುಚ್ಚುತ್ತವೆ. ಡೀವಿಯೇಷನ್ (ಧ್ವನಿಗೆ ತಕ್ಕಂತೆ ಫ್ರೀಕ್ವೆನ್ಸಿ ಸರಿಯುವ ಅಳತೆ) 75 ಕಿಲೋಹರ್ಟ್ಸ್ ದಾಟದ ಹಾಗೆ ಲಿಮಿಟರ್ ಇರಲಿ. ಧ್ವನಿ ಸಣ್ಣದಾಗಿ ಹೋಗುತ್ತಿದ್ದರೂ ಕೇಳುಗರಿಗೆ ಸಿಗ್ನಲ್ ದುರ್ಬಲವಾದಂತೆಯೇ ಕೇಳಿಸುತ್ತದೆ, ಅದನ್ನೂ ಪರೀಕ್ಷಿಸಿ.

ಗುಂಯ್‌ಗುಟ್ಟುವ ಹಮ್ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪ್ರಸಾರವಾದದ್ದನ್ನೆಲ್ಲ 3 ತಿಂಗಳು ಇಟ್ಟುಕೊಳ್ಳಬೇಕೆಂಬುದು ನಿಯಮ. ಮಿಕ್ಸರಿನಿಂದ ರೆಕಾರ್ಡ್ ಮಾಡಬೇಡಿ, ಒಂದು ಸಾದಾ ಎಫ್.ಎಂ. ರಿಸೀವರಿನಿಂದ ಮಾಡಿ. ಆಗ ನಿಜಕ್ಕೂ ಗಾಳಿಗೆ ಹೋದದ್ದೇನು ಎಂಬುದು ದಾಖಲಾಗುತ್ತದೆ. ನಡುರಾತ್ರಿ ಮೌನವಾಗಿದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ. 64 ಕೆ.ಬಿ.ಪಿ.ಎಸ್. ಎಂಪಿ3ಯಲ್ಲಿ ದಿನಕ್ಕೆ 12 ಗಂಟೆಯಂತೆ 90 ದಿನಕ್ಕೆ 31 ಜಿ.ಬಿ. ಸಾಕು.

ಏನು ಕೇಳಿಸುವುದು, ಯಾರಿಂದ

ಯಂತ್ರ ಸರಿಯಾದ ಮೇಲೂ ಕೇಂದ್ರ ಮಲಗುವುದು ಜನರಿಲ್ಲದೆ. ದಿನಕ್ಕೆ 16 ಗಂಟೆ ಪ್ರಸಾರದ ಹಟ ಬಿಡಿ. 3 ಗಂಟೆಯ ಹೊಸ ಕಾರ್ಯಕ್ರಮ, ಅದರದೇ ಎರಡು ಮರುಪ್ರಸಾರ ಸಾಕು. ಅರ್ಧದಷ್ಟಾದರೂ ಸ್ಥಳೀಯವಾಗಿ ಮಾಡಿದ್ದಿರಬೇಕೆಂಬುದು ನಿಯಮವೂ ಹೌದು. ಹೊಸದನ್ನು ಬೆಳಿಗ್ಗೆಯೇ ಇಡಬೇಕೆಂದಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ಕೈ ಕೆಲಸದಲ್ಲಿರುತ್ತದೆ, ಕಿವಿ ಖಾಲಿಯಿರುತ್ತದೆ. ಮಧ್ಯಾಹ್ನ 2ರ ಗಂಟೆಯನ್ನು ಹಳೆಯ ಹಾಡಿಗೆ ಬಿಟ್ಟುಕೊಡಬೇಡಿ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡಕ್ಕೆ ವಾರದಲ್ಲಿ ನಿಗದಿತ ದಿನ ಮತ್ತು ನಿಗದಿತ ಹೊತ್ತು ಕೊಡಿ, ಮತ್ತೆ ಬದಲಿಸಬೇಡಿ.

ಸಮುದಾಯ ಬಾನುಲಿ ತನ್ನದೇ ಸುದ್ದಿ ಓದುವಂತಿಲ್ಲ. ಆದರೆ ಹವಾಮಾನ, ಸಂಚಾರ, ಪರೀಕ್ಷೆ, ಕರೆಂಟು-ನೀರಿನ ಪ್ರಕಟಣೆ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಏಪ್ರಿಲ್ ಕೊನೆಗೆ ತುಂಬೆ ಅಣೆಕಟ್ಟಿನಲ್ಲೋ ಬಜೆ ಅಣೆಕಟ್ಟಿನಲ್ಲೋ ನೀರು ಇಳಿದಾಗ ಯಾವ ವಾರ್ಡಿಗೆ ಯಾವ ದಿನ ನೀರು, ಜುಲೈಯಲ್ಲಿ ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ — ವಾಟ್ಸಾಪಿನಲ್ಲಿ ಕಳೆದ ವರ್ಷದ ರಜೆ ಆದೇಶ ಓಡಾಡುವ ಊರಿನಲ್ಲಿ ಇದಕ್ಕಿಂತ ಬೇಕಾದ ಕಾರ್ಯಕ್ರಮವಿಲ್ಲ. ಜಿಲ್ಲಾಡಳಿತದ ಪ್ರಕಟಣೆಯನ್ನು ಕೈಯಲ್ಲಿ ಹಿಡಿದೇ ಓದಿ.

ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ ಮುಗಿಯುತ್ತದೆ. ಕಲಾವಿದರು ಊರಲ್ಲಿ ಸಿಗುವ ಆ ಮಳೆಗಾಲದಲ್ಲಿ ವರ್ಷಕ್ಕಾಗುವಷ್ಟು ತಾಳಮದ್ದಲೆ ರೆಕಾರ್ಡ್ ಮಾಡಿಕೊಳ್ಳಿ. ಶೀಟಿನ ಮಾಡಿನ ಕೆಳಗೆ ಬೇಡ. ಮಳೆಯ ಸದ್ದು ಎಲ್ಲ ಸ್ವರಗಳಲ್ಲೂ ಹರಡಿರುತ್ತದೆ, ಆಮೇಲೆ ಫಿಲ್ಟರಿನಿಂದ ತೆಗೆಯಲಾಗದು. ತಾರಸಿ ಕಟ್ಟಡದ ಒಳಕೋಣೆ ಹಿಡಿಯಿರಿ. ಅರ್ಥಧಾರಿಗಳಿಗೆ, ಅಂದರೆ ಪಾತ್ರದ ಮಾತಾಡುವವರಿಗೆ, ಒಬ್ಬೊಬ್ಬರಿಗೆ ಒಂದು ಡೈನಾಮಿಕ್ ಮೈಕ್, ಬಾಯಿಂದ ನಾಲ್ಕು ಬೆರಳು ದೂರ. ಮೈಕಿನ ಬೆನ್ನು ಎದುರು ಬದಿಯವರ ಕಡೆಗಿರಲಿ. ಭಾಗವತರಿಗೆ ಒಂದು ಗೇಣು. ಮದ್ದಳೆಗೆ ಒಂದು ಮೊಳ. ಚೆಂಡೆಗೆ ಮೈಕ್ ಬೇಡವೇ ಬೇಡ, ಅದು ಉಳಿದೆಲ್ಲ ಮೈಕಿಗೂ ತಾನೇ ಬರುತ್ತದೆ. 24 ಬಿಟ್, ಚೆಂಡೆಯ ಪೆಟ್ಟಿಗೆ ಲೆವೆಲ್ ಮೈನಸ್ 12 ಡಿಬಿ ದಾಟದಂತೆ ಇಡಿ. ಪ್ರಸಾರಕ್ಕೆ ಒಪ್ಪಿಗೆಯ ಸಹಿಯನ್ನು ಚಾ ಕುಡಿಯುವ ಮೊದಲೇ ಪಡೆಯಿರಿ, ಮುಗಿದ ಮೇಲೆ ಎಲ್ಲರಿಗೂ ಬಸ್ಸಿನ ಅವಸರ. ಸ್ವಂತ ರೆಕಾರ್ಡಿಂಗಿದ್ದರೆ ಸಿನಿಮಾ ಹಾಡಿನ ಹಕ್ಕುದಾರರ ಪರವಾನಗಿ ಖರ್ಚೂ ಇಳಿಯುತ್ತದೆ.

ವಿದ್ಯಾರ್ಥಿಗಳನ್ನೇ ನಂಬಿದ ಕೇಂದ್ರ ಪರೀಕ್ಷೆಯ ತಿಂಗಳಲ್ಲಿ ನಿಲ್ಲುತ್ತದೆ. ಪ್ರತಿ ಪಾಳಿಗೆ ಇಬ್ಬರನ್ನು ಹಾಕಿ, ಇಬ್ಬರಲ್ಲಿ ಒಬ್ಬರು ಊರವರೇ ಆಗಿರಲಿ: ನಿವೃತ್ತ ಟೀಚರ್, ಅಂಗಡಿಯವರು, ಸ್ವಸಹಾಯ ಗುಂಪಿನವರು. ಟ್ರಾನ್ಸ್‌ಮಿಟರ್ ಪಕ್ಕದಲ್ಲಿ ನೋಟ್‌ಬುಕ್ ತೂಗುಹಾಕಿ, ಪಾಳಿ ಶುರುವಾದಾಗ ಫಾರ್ವರ್ಡ್, ರಿಫ್ಲೆಕ್ಟೆಡ್, ಉಷ್ಣತೆ, ವೋಲ್ಟೇಜ್ ಬರೆಯುವುದು ಪಾಳಿಯವರ ಕೆಲಸ. ರಿಫ್ಲೆಕ್ಟೆಡ್ 1ರಿಂದ 2ಕ್ಕೆ, 2ರಿಂದ 3ಕ್ಕೆ ಏರುವುದು ಬರೆದರೆ ಮಾತ್ರ ಕಾಣುತ್ತದೆ.

ದುಡ್ಡಿನ ಲೆಕ್ಕ. 50 ವ್ಯಾಟಿನ ಟ್ರಾನ್ಸ್‌ಮಿಟರ್ ದಿನವಿಡೀ ಓಡಿದರೂ 4-5 ಯೂನಿಟ್. ಬಿಲ್ಲು ಏರಿಸುವುದು ಏರ್ ಕಂಡೀಷನರ್. ಜಾಹೀರಾತಿಗೆ ಗಂಟೆಗೆ 7 ನಿಮಿಷವಿದ್ದ ಮಿತಿಯನ್ನು 2024ರಲ್ಲಿ 12 ನಿಮಿಷಕ್ಕೆ ಏರಿಸಲಾಗಿದೆ, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52ರಿಂದ 74 ರೂಪಾಯಿ ಆಗಿದೆ. ಬಜಾರಿನ ಅಂಗಡಿಯವರಿಗೆ ಈ ಸೆಕೆಂಡಿನ ಲೆಕ್ಕ ಹೇಳಬೇಡಿ. ತಿಂಗಳಿಗೆ ಇಂತಿಷ್ಟು, ದಿನಕ್ಕೆ ಮೂರು ಸಲ, ನಿಮ್ಮ ಹೆಸರು ತುಳುವಿನಲ್ಲಿ ಎಂದು ಕೇಳಿ. ಬಂದದ್ದರಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಫ್ಯಾನ್, ಎರಡು ಕನೆಕ್ಟರ್, ಎರಡು ಸುರುಳಿ ರಬ್ಬರ್ ಟೇಪು, ಒಂದು ಸರ್ಜ್ ಅರೆಸ್ಟರ್. ಇವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.